ಎದಿಮಟ ನೀರು

ಚಪ್ಪಲಿ, ಅಂಗಿ, ಫೋನು
ಮೂರೂ ಕೊಟ್ಟು ಹಿತ್ತಾಳಿ ಬಿಲ್ಲೆ ತಗೊಂಡೆ.
ನಲವತ್ತೊಂದು.
ಫೋನ್ ಕೊಡುವಾಗ ಕೈ ಬಿಡಲಿಲ್ಲ,
ಅಂಗಡಿ ಹುಡುಗ ಜಗ್ಗಿ ಇಸ್ಕೊಂಡ.
ಆರು ವರ್ಷದಾಗ ಮೊದಲ ಸಲ
ನನ್ನ ಯಾರೂ ಕರೀಲಾರದಂಗ ಆಯ್ತು.

ನಾ ನೂರಾಎಂಟು ಗಾಡಿ ಹೊಡಿಯಾಂವ.
ಭಾಲ್ಕಿ ತಾಲೂಕಿನ ತಗ್ಗು ದಿನ್ನಿ ಎಲ್ಲಾ
ಟೊಂಕಕ್ಕ ಗೊತ್ತು.
ಸೈರನ್ ಬಂದ್ ಮಾಡಿದ ಮ್ಯಾಲೂ
ಕಿವಿಯೊಳಗ ಅದು ಬಂದ್ ಆಗಂಗಿಲ್ಲ.
ಕುಕ್ಕರ್ ಸೀಟಿಗೆ ಎದ್ದು ಕೂಡ್ತೀನಿ,
ಕೈ ಹಾಸಿಗ್ಯಾಗ ಗೇರ್ ಹುಡುಕ್ತದ.

ಸೋಮವಾರ ರಾತ್ರಿ, ಖಾನಾಪುರದ ಈಚೆ, ರೈಲ್ವೆ ಗೇಟು.
ಗೂಡ್ಸ್ ಗಾಡಿ. ಡಬ್ಬಿ ಎಣಿಸಿದೆ, ಐವತ್ತೆಂಟು.
ಹಿಂದ ಮಲಗಿದಾತ ಝರೆಪ್ಪ, ವಯಸ್ಸು ಐವತ್ತೆರಡು.
ನಿನ್ನ ಝರಣಿ ಹೆಸರೇ ಇಟ್ಟಿದ್ರು, ನರಸಿಂಹಾ.
ಆತನ ಹೆಂಡ್ತಿ ಸಣ್ಣ ಕಿಟಕಿಯೊಳಗಿಂದ ಕೈ ತೂರಿಸಿ
ನನ್ನ ಎಡಗಡೆ ಹೆಗಲ ಹಿಡಿದಿದ್ಲು.
ಬೈಲಿಲ್ಲ. ಅಳಲಿಲ್ಲ.
ಕಡೀ ಡಬ್ಬಿ ಹೋಗೂತನ ಹಿಡಿದೇ ಇದ್ಲು.
ಆಮ್ಯಾಲ ದವಾಖಾನಿ ಬಾಗಿಲ ಮುಂದ
ಸೆರಗಿನ ಗಂಟು ಬಿಚ್ಚಿ ಕೇಳಿದ್ಲು:
"ಗಾಡೀದು ಎಷ್ಟಾಯ್ತು, ತಮ್ಮಾ?"
"ಏನಿಲ್ಲವ್ವಾ, ಇದು ಪುಕ್ಕಟ," ಅಂದೆ.
ಪುಕ್ಕಟ.
ಮೂರು ದಿನ ಆಯ್ತು, ರೊಟ್ಟಿ ಇಳೀವಲ್ದು.

ಅದಕ್ಕ ಈ ಮಂಗಲಪೇಟಿಗೆ ಬಂದೆ.
ಭಕ್ತಿ ಗಿಕ್ತಿ ಏನಿಲ್ಲ. ಜಗಳಕ್ಕ ಬಂದೆ.

ಮೊದಲು ಪಾದ, ಆಮ್ಯಾಲ ಮೊಣಕಾಲು,
ಟೊಂಕ, ಎದಿ.
ತಂಪು ಹತ್ತಿದಾಗ ಉಸಿರು ತಾನಾಗೇ ನಿಂತು
ತಾನಾಗೇ ಮತ್ತ ಶುರು ಆಯ್ತು.
ತಲಿ ಮ್ಯಾಲ ಕೆಂಪುಕಲ್ಲಿಗೆ ಬಾವಲಿ ಜೋತಿದ್ವು,
ಅವುಗಳ ನಾತ, ಕರ್ಪೂರದ ವಾಸನಿ ಎರಡೂ ಕೂಡಿತ್ತು.
ಇಲ್ಲಿ ಓಡಾಕ ಬರಂಗಿಲ್ಲ.
ಅವಸರ ಮಾಡಿದ್ರ ನೀರು ಎದಿಗೆ ಕೈ ಕೊಟ್ಟು ನಿಲ್ಲಿಸ್ತದ,
ಹುಚ್ಚ ಕರೂನ್ನ ನಿಲ್ಲಿಸಿದಂಗ.
ಮುಂದಿನಾಕಿ ಕೂಸಿನ್ನ ನೆತ್ತಿ ಮ್ಯಾಲ ಹೊತ್ತಿದ್ಲು,
ಕೂಸು ಬಾವಲಿಗೆ ಕೈ ಚಾಚ್ತಿತ್ತು.

ನಮ್ಮಜ್ಜಿ ಹೇಳ್ತಿದ್ಲು:
ಝರಾಸುರ ಅಂತ ರಾಕ್ಷಸ. ನೀ ಕೊಂದಿ.
ಸಾಯುವಾಗ ಆತ ನಿನ್ನ ಕಾಲು ಬಿಡಂಗಿಲ್ಲ ಅಂದ,
ಹಂಗಾದ್ರ ನೀರಾಗಿ ಇಲ್ಲೇ ಹರಿ ಅಂದಿ.
ಸಣ್ಣಾಂವಿದ್ದಾಗ ಅದು ಕಥಿ.
ಈಗ ಎದಿತನ ಆತನೊಳಗೇ ನಿಂತೀನಿ.
ನಿನ್ನ ಕಡೆ ಬರಬೇಕಂದ್ರ
ಆತನೊಳಗ ಕಾಲಿಟ್ಟೇ ಬರಬೇಕು.
ಬ್ಯಾರೆ ದಾರೀನೇ ನೀ ಇಟ್ಟಿಲ್ಲ.

ಅಷ್ಟರಾಗ ಹಿಂದಿನಿಂದ ಒಂದು ಕೈ
ಎಡಗಡೆ ಹೆಗಲ ಮ್ಯಾಲ.
ಅದೇ ಜಾಗ.
ತಿರುಗಿ ನೋಡಾಕ ಧೈರ್ಯ ಆಗಲಿಲ್ಲ.
"ಅಣ್ಣಾ, ನನಗ ಈಜು ಬರಲ್ಲರಿ,
ಹಿಡ್ಕೊಂಡೇ ಬರ್ತೀನಿ," ಯಾರೋ ಹುಡುಗ.
"ಹಿಡ್ಕೋ," ಅಂದೆ.
ಪಾದದಿಂದ ನೆಲ ತಡವಿ ತಡವಿ
ಒಂದೊಂದೇ ಹೆಜ್ಜಿ ಇಟ್ಟೆ. ಇಬ್ಬರ ಭಾರ.
ಅರ್ಧ ನೀರೇ ಹೊತ್ತಿತ್ತು ಅಂತ ಕಾಣ್ತದ.

ತುದಿ ಮುಟ್ಟಿದೆ. ಕುಂಕುಮ, ಗ್ವಾಡಿ, ಬೆಳ್ಳಿ ಕಣ್ಣು.
ಏಳೆಂಟು ಮಂದಿ ನಿಲ್ಲುವಷ್ಟೇ ಜಾಗ,
ಪೂಜಾರಿ "ನಡೀರಿ, ನಡೀರಿ" ಅಂತಿದ್ದ.
ಕಟ್ಕೊಂಡು ಬಂದ ಜಗಳ ಒಂದೂ ಬಾಯಿಗೆ ಬರಲಿಲ್ಲ.
ಬಂದದ್ದು ಇಷ್ಟೇ:
"ಎಷ್ಟಾಯ್ತು, ತಂದೀ?"

ನೀ ಏನೂ ಅನ್ನಲಿಲ್ಲ.
ಬಾವಲಿ ಒಂದು ರೆಕ್ಕಿ ಬಡೀತು.
ಹುಡುಗನ ಹಲ್ಲು ಕಟಕಟ.
ಸೈರನ್ ಇರಲಿಲ್ಲ.
ಎಷ್ಟು ಹೊತ್ತಿನಿಂದ ಇರಲಿಲ್ಲೋ, ಗೊತ್ತಿಲ್ಲ.

ಹೊರಗ ಬಿಸಲು. ಬಿಲ್ಲೆ ಕೊಟ್ಟು ಫೋನ್ ಇಸ್ಕೊಂಡೆ.
ಆಫೀಸಿನವು ಏಳು ಮಿಸ್ಡ್ ಕಾಲ್: ವೈಜಿನಾಥ, ಎಲ್ಲಿದ್ದಿ?
ಬರೂವಾಗ ಉಪ್ಪು ತರ್ರಿ ಅಂತ ಹೆಂಡ್ತೀದೊಂದು ಮೆಸೇಜು.
ಹಸಿ ಪ್ಯಾಂಟಿನಾಗೇ ಗಾಡಿ ಸೀಟಿಗೆ ಕುಂತೆ.
ಕೈ ಇನ್ನಾ ನಡುಗ್ತದ, ಸುಳ್ಳ್ಯಾಕ ಹೇಳಲಿ.
ಆದ್ರ ಗೇಟು ಬರೂತನ
ಎಡಗಡೆ ಹೆಗಲ ತಂಪಿತ್ತು.