ಹೆಬ್ಬೆಟ್ಟು

ಸೊಸೈಟಿಯ ಮಿಷನ್ನು ಇವರ ಹೆಬ್ಬೆಟ್ಟನ್ನು ಒಪ್ಪಲಿಲ್ಲ.
ಲುಂಗಿಗೆ ಒರೆಸಿ ಇಟ್ಟರು, ಎಂಜಲು ಸವರಿ ಇಟ್ಟರು,
ಎಡಗೈಯದೂ ಇಟ್ಟರು.
ಕೆಂಪು ದೀಪ.
‘ಗೆರೆನೇ ಇಲ್ವಲ್ಲ ಖುದ್ದೂಸ್ ಸಾಬ್ರೇ,
ಎಲ್ಲಿ ಕಳ್ಕೊಂಡ್ರಿ?’ ಅಂದ ನಾರೆಪ್ಪ.
ಹಿಂದಿನ ಸಾಲು ಕತ್ತು ಚಾಚಿತು.

ಇಪ್ಪತ್ತೆಂಟು ವರ್ಷ ಶಿಡ್ಲಘಟ್ಟದ ಕುದಿನೀರು
ತಿಂದು ತೀರಿಸಲಾಗದ ಗೆರೆ ಅದು.
ಗೂಡು ಬೆಂದು ಉರುಳುವಾಗ
ಕಣ್ಣಿಗೆ ಕಾಣದ ಎಳೆಯ ತುದಿ
ಬೆರಳಿಗೆ ಸಿಗುತ್ತಿತ್ತು.
ನಾಲ್ಕೇ ತಿಂಗಳಲ್ಲಿ ಅದನ್ನು ಅಳಿಸಿದ್ದು
ದಿನಕ್ಕೊಂದು ಮಾತ್ರೆ.

ಬಲಗಡೆಯ ಕಿಡ್ನಿ ತೆಗೆದಾಗ
ಮುಗಿಯಿತು ಅಂದುಕೊಂಡಿದ್ದೆವು.
ಆಮೇಲೊಂದು ಬೆಳಿಗ್ಗೆ, ಗೂಡಿನ ಮಾರುಕಟ್ಟೆಯಲ್ಲಿ,
ಲಾಟಿನ ಮುಂದೆ ನಿಂತು
‘ಈ ಮೊಟ್ಟೆ ಕೇಜಿಗೆ ಎಷ್ಟು’ ಅಂದರಂತೆ.
ಎಲ್ಲರೂ ನಕ್ಕರಂತೆ. ಇವರೂ.
ಸ್ಕ್ಯಾನಿನಲ್ಲಿ ಮೂರು ಚುಕ್ಕಿ.
‘ತಲೆಗೆ ಹತ್ತಿದೆ’ ಅಂದರು ಡಾಕ್ಟರು.
‘ದುಡ್ಡು ಬಂದವರಿಗಲ್ವಾ ತಲೆಗೆ ಹತ್ತೋದು?’ ಅಂದರು ಇವರು.

ಗುರಿಯಿಟ್ಟು ಹೊಡೆಯುವ ಮಾತ್ರೆಯಂತೆ.
ಗಂಟು ತನ್ನ ಹೊಟ್ಟೆಗೆಂದು ತೋಡಿಕೊಂಡ
ರಕ್ತದ ಕಾಲುವೆಗೆ ಮಣ್ಣು ಕಟ್ಟುವುದಂತೆ.
ಹಾಗಾದರೆ ಅಂಗೈ ಯಾಕೆ ಸುಲಿಯಿತು,
ಹುಬ್ಬು ಯಾಕೆ ಬೆಳ್ಳಗಾಯಿತು,
ಸಾರಿಗೆ ಯಾಕೆ ತುಕ್ಕಿನ ರುಚಿ, ನಾನು ಕೇಳಿದೆ.
‘ಅದೇ ಬೀಗ ಅಲ್ಲೂ ಇದೆಯಮ್ಮ,
ಕೀಲಿಕೈಗೆ ಮನೆ ಯಾರದೂಂತ ಗೊತ್ತಾಗಲ್ಲ.’

ನಾಲ್ಕು ವಾರ ಮಾತ್ರೆ, ಎರಡು ವಾರ ಬಿಡುವು.
ಬಿಡುವಿನಲ್ಲಿ ಹೊಸ ಚರ್ಮ ಬರುತ್ತದೆ, ಎಳೆಗೂಸಿನಂಥದು.
ಬೇಸಿನ್ನಿನ ಹತ್ತಿರ ಹೋಗಿ ಕೂರುತ್ತಾರೆ.
ಮುಟ್ಟಬೇಡಿ ಅನ್ನುತ್ತೇನೆ. ಮುಟ್ಟುತ್ತಾರೆ.
ಹೊಸ ಸ್ಕ್ಯಾನಿನಲ್ಲಿ ಎರಡು ಚುಕ್ಕಿ ಇಲ್ಲ.
ಮೂರನೆಯದಕ್ಕೆ ಡಾಕ್ಟರು ‘ನೋಡೋಣ’ ಅಂದಿದ್ದಾರೆ.
ನಾನೂ ಅದನ್ನೇ ಅನ್ನುತ್ತೇನೆ,
ಹಾಲಿನವನಿಗೆ, ಬಾಡಿಗೆ ಕೇಳಲು ಬಂದವರಿಗೆ.

ಕೊನೆಗೆ ನನ್ನ ಹೆಬ್ಬೆಟ್ಟಿಗೆ ಹಸಿರು ದೀಪ.
ಅಕ್ಕಿ ನಾನು ಹೊತ್ತೆ.
ಚಪ್ಪಲಿಯೊಳಗೆ ಹತ್ತಿ ಇಟ್ಟುಕೊಂಡು ಇವರು ಹಿಂದೆ ಹಿಂದೆ.
ದಿಬ್ಬೂರಹಳ್ಳಿ ರಸ್ತೆಯಲ್ಲಿ ಟೆಂಪೊ ಒಂದು ಹೋಯಿತು,
ಮೇಲೆ ಹಸಿ ಕಟ್ಟುಗಳ ಹೊರೆ,
ನೀರು ತೊಟ್ಟಿಕ್ಕುತ್ತಿತ್ತು.
ಇವರು ಕೈ ತೋರಿಸಿದರು.
‘ಅದು...’ ಅಂದರು. ‘ಅದೂ...’
ನಾನು ಹೇಳಿಕೊಡಲಿಲ್ಲ.
ಟೆಂಪೊ ತಿರುವು ದಾಟಿತು, ಧೂಳೂ ಕೂತಿತು.
ಚೀಲವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿದೆ.
‘ಸೊಪ್ಪು’ ಅಂದರು.