ಉಳಿದ ಐದು

ಬರ್ಕನ್‌ಹೆಡ್ಡಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು.
ಕಿಟಕಿಯಾಚೆ ಮರ್ಸಿ ನದಿ
ಕಡಲನ್ನು ಒಳಗೆ ಬಿಟ್ಟುಕೊಳ್ಳುತ್ತಿದೆ, ಸದ್ದಿಲ್ಲದೆ,
ತಡವಾಗಿ ಬಂದ ಬಾಡಿಗೆದಾರನನ್ನು ಬಿಟ್ಟುಕೊಂಡ ಹಾಗೆ.

ಎಪ್ಪತ್ತು ವರ್ಷದ ಉಬ್ಬರ ಇಳಿತ ನನ್ನ ಮುಂದೆ:
ಕಾಲು ಗಂಟೆಗೊಂದರಂತೆ
ಇಪ್ಪತ್ನಾಲ್ಕು ಲಕ್ಷದ ಐವತ್ನಾಲ್ಕು ಸಾವಿರದ
ನೂರ ಅರವತ್ತೈದು ಅಳತೆ.
ನಿನ್ನೆಯವರೆಗೆ ನನ್ನ ಪ್ರೋಗ್ರಾಂ
ಒಂದೊಂದನ್ನೇ ಕರೆದು, ಕೂರಿಸಿ, ಕೊಸೈನ್ ಕೇಳಿ,
ಸಾಗಹಾಕಿ, ಮುಂದಿನದನ್ನು ಕೂಗುತ್ತಿತ್ತು
ರೇಷನ್ ಅಂಗಡಿಯ ಗುಮಾಸ್ತನ ಹಾಗೆ.
ನೂರಾರು ಸಲ ತಿದ್ದಿ ಮುಗಿಸಲು ನಲವತ್ತು ನಿಮಿಷ.

ಇವತ್ತು ಗುಮಾಸ್ತನನ್ನು ಎಬ್ಬಿಸಿದೆ.
ಪ್ರೊಸೆಸರಿನೊಳಗೆ ಅಗಲದ ರಿಜಿಸ್ಟರುಗಳಿವೆ,
ಎಂಟು ಎಲೆ ಹಾಕುವಷ್ಟು ಜಾಗ;
ಒಂದು ಸಲ ಸೌಟೆತ್ತಿದರೆ ಎಂಟಕ್ಕೂ ಬಡಿಸಿ ಆಯಿತು.
ಅಥವಾ ಒಂದನೇ ಕ್ಲಾಸಿನ ಮಗ್ಗಿ ನೆನೆಸಿಕೊಳ್ಳಿ:
ಮೇಷ್ಟ್ರು ಕೋಲು ತಟ್ಟುವುದು ಒಮ್ಮೆ,
ಎರಡೊಂದ್ಲ ಎರಡು ಅನ್ನುವ ಬಾಯಿ ಎಷ್ಟೋ.

ಇಲ್ಲಿ ಪಂಕ್ತಿಭೇದ ಇಲ್ಲ, ಉಪಚಾರವೂ ಇಲ್ಲ.
ನಿನಗೆ ಹುಷಾರಿಲ್ಲವೇ ಎಂದು
ಒಬ್ಬನನ್ನೇ ಬದಿಗೆ ಕರೆದು ಕೇಳುವಂತಿಲ್ಲ.
ಮಾಪಕ ಕೆಟ್ಟು ಕೂತ ದಿನಗಳಿಗೂ
ಎಲ್ಲರ ಜೊತೆಗೇ ಲೆಕ್ಕ ಕಟ್ಟಿ,
ಆಮೇಲೆ ಮುಸುಕು ಎಳೆದು
ಮುಸುಕಿನ ಕೆಳಗಿನದನ್ನು ಇಲ್ಲವೆನ್ನಬೇಕು.
'ಒಂದು ವೇಳೆ'ಗಳನ್ನು ಕೀಳುತ್ತಲೇ ಕಳೆಯಿತು ಮಧ್ಯಾಹ್ನ.

ನಲವತ್ತು ಆರಕ್ಕೆ ಇಳಿಯಿತು.
ಎಂಟು ಪಟ್ಟು ಅಂದಿದ್ದರು, ಆರೂವರೆ ಚಿಲ್ಲರೆ ಸಿಕ್ಕಿತು;
ಮಾತು ಕೊಟ್ಟಷ್ಟೂ ಯಾರು ಕೊಡುತ್ತಾರೆ?

ಉತ್ತರ ಮಾತ್ರ ಕೂದಲೆಳೆಯಷ್ಟು ಬೇರೆ.
'ಕೂಡಿಸಿದ ಕ್ರಮ ಬದಲಾಯಿತಲ್ಲ, ಅಷ್ಟು ಇದ್ದದ್ದೇ,
ಬಿಡು' ಎಂದಳು ಎದುರು ಮೇಜಿನ ಬ್ರಾನ್ವೆನ್, ಕೋಟು ತೊಡುತ್ತ.
ಬಿಡಲಾಗಲಿಲ್ಲ.
ಎಂಟೆಂಟು ಕಟ್ಟುತ್ತ ಹೋದರೆ ಐದು ಮಿಗುತ್ತದೆ.
ಆ ಐದನ್ನು ಎಲೆ ಹಾಕದೆ ಕಳಿಸಿಬಿಟ್ಟಿದ್ದೆ.

ಯಾವ ಐದು? ಹಳೆಯ ಪುಸ್ತಕ ತೆರೆದೆ.
ಮಾಪಕ ಕಳಚಿದ ದಿನದ ಕೊನೆಯ ಒಂದೂಕಾಲು ಗಂಟೆ.
ಯಂತ್ರ ಆಗಲೇ ಲಾರಿ ಹತ್ತಿತ್ತು.
ಅಳೆದವನು ಎಡ್ವಿನ್ ಥ್ರೆಲ್‌ಫಾಲ್, ಹಡಗುಕಟ್ಟೆಯ ಕಾವಲುಗಾರ,
ಕೋಲು ಇಳಿಬಿಟ್ಟು, ಒದ್ದೆ ಕೈಯಲ್ಲಿ ಪೆನ್ಸಿಲ್ ಹಿಡಿದು.
ಕೊನೆಯದರ ಪಕ್ಕ ಬರೆದಿದ್ದಾನೆ:
ಇನ್ನೂ ಏರುತ್ತಿದೆ.

ಮೂರು ಸೊನ್ನೆ ಸೇರಿಸಿ ಎಂಟು ಮಾಡಬಹುದಿತ್ತು,
ಜಾಣರು ಹಾಗೇ ಮಾಡುತ್ತಾರೆ.
ನಾನು ಗುಮಾಸ್ತನನ್ನು ವಾಪಸು ಕರೆದೆ.
ಒಂದು ಅಂದ. ಎರಡು ಅಂದ.
ಐದಕ್ಕೆ ಹಿಡಿದ ಹೊತ್ತು ಯಾವ ಗಡಿಯಾರಕ್ಕೂ ಸಿಗದಷ್ಟು ಸಣ್ಣದು.

ಹೊರಗೆ ನೀರು
ಮೂರನೇ ಮೆಟ್ಟಿಲು ದಾಟಿದೆ.