ಬೆರಳಿನ ತೂಕ

ಪವಿತ್ರ ಗುರುವಾರ ಆಲ್ದೂರಿನ ಇಗರ್ಜಿಯಲ್ಲಿ
ಹನ್ನೆರಡು ಮಂದಿಯಲ್ಲಿ ನಾನೂ ಒಬ್ಬ.
ಮನೆಯಲ್ಲೇ ಸೋಪು ಹಾಕಿ ತಿಕ್ಕಿ, ಉಗುರು ತೆಗೆದು ಹೋಗಿದ್ದೆ;
ಪಾದ್ರಿಗಳು ತೊಳೆದದ್ದು
ತೊಳೆದ ಕಾಲನ್ನೇ.

ಶನಿವಾರ ತೋಟದಲ್ಲಿ ಮೆಣಸಿನ ತೂಕ.
ಇಪ್ಪತ್ತು ವರ್ಷದ ರೈಟರು ಲಿಗೋರಿ, ನಾನು.
ಚೀಲದಡಿ ನನ್ನ ಕಿರುಬೆರಳು ಇರುವುದು
ತಕ್ಕಡಿಗೂ ಗೊತ್ತು, ಧಣಿಗೂ ಗೊತ್ತು.
ಚೀಲಕ್ಕೆ ಅರ್ಧ ಕೆ.ಜಿ.

ಕೊನೆಯ ಸರದಿ ಗಿಡ್ಡಮ್ಮನದು.
ಮುಳ್ಳು ಓದಲು ಕುಕ್ಕರಿಸಿದವನಿಗೆ
ಕಂಡದ್ದು ಅವಳ ಪಾದ:
ಏಣಿ ಹತ್ತಿ ಹತ್ತಿ ಒಡೆದ ಹಿಮ್ಮಡಿ,
ಬಿರುಕಿನಲ್ಲಿ ಒಂದು ಹಸಿ ಮೆಣಸು.
ಸೊಂಟಕ್ಕೆ ಟವೆಲು ಸುತ್ತಿ, ಸಾವಿನ ಹಿಂದಿನ ರಾತ್ರಿ,
ಅವನೂ ಇಷ್ಟೇ ಬಗ್ಗಿದ್ದನೇನೋ.

ಬೆರಳು ತೆಗೆದೆ.
“ಇವತ್ತೇನು ರೈಟರೇ, ಜಾಸ್ತಿ ಬಂತು?”
ಅಂದಳು, ಸಂಶಯದಿಂದಲೇ.
ಜಾಸ್ತಿಯಲ್ಲ ಎನ್ನಲು ಬಾಯಿ ಬರಲಿಲ್ಲ.
ಬರೆದೆ.
ಸೋಮವಾರ ಧಣಿ ಪುಸ್ತಕ ತೆರೆಯುತ್ತಾರೆ.
ಮುಳ್ಳು ಇನ್ನೂ ನಡುಗುತ್ತಿದೆ.